ಗೇಟಿನ ಗೋಲಿ ಚೀಲ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಆಗ ಹಿತ್ತಾಳೆ ತುಂಡುಗಳು ಕಳುವಾಗುತ್ತಿದ್ದವು. ಹಾಗಂತ ಶಿಫ್ಟ್ ಬಿಟ್ಟಾಗ ಎಲ್ಲರನ್ನೂ ತಪಾಸಣೆ ಮಾಡೋಕೆ ಆಗುತ್ತಾ? ಗೇಟಿನಲ್ಲಿ ಒಂದು ಬಟ್ಟೆ ಚೀಲ ಇಟ್ಟಿದ್ದರು. ನೋಡದೆ ಕೈ ಹಾಕಿ ಒಂದು ಗೋಲಿ ತೆಗೆಯಬೇಕು. ಬಿಳಿ ಬಂದರೆ ಸೀದಾ ಮನೆಗೆ, ಕೆಂಪು ಬಂದರೆ ಜೇಬು, ಟಿಫಿನ್ ಡಬ್ಬಿ ಎಲ್ಲಾ ಬಿಚ್ಚಿ ತೋರಿಸಬೇಕು.

ಶ್ವಾಸಕೋಶದ ಆಪರೇಷನ್ ಮುಗಿಸಿ ನಾನು ಕೆಲಸಕ್ಕೆ ವಾಪಸ್ ಬಂದ ದಿನ, ಚೀಲದೊಳಗೆ ನನ್ನ ಕೈ ತನ್ನಷ್ಟಕ್ಕೆ ತಾನೇ ಕುಣಿಯಿತು. ಗೋಲಿಗಳು ಕಟಕಟ ಅಂದವು. ವಾಚ್‌ಮನ್ ಮುನಿಯಪ್ಪ ನನ್ನ ಮಣಿಕಟ್ಟು ಹಿಡಿದ.

“ಏನಣ್ಣಾ, ಒಳ್ಗೆ ಬಿಳೀದು ಹುಡುಕ್ತಿದ್ದೀಯಾ?”

“ಮುಟ್ಟಿದ್ರೆ ಬಣ್ಣ ಗೊತ್ತಾಗುತ್ತೇನಯ್ಯಾ? ಕ್ಯಾನ್ಸರ್ ಗಡ್ಡೆಯಿಂದ ನರಕ್ಕೆ ಪೆಟ್ಟಾಗಿದೆ.”

“ಗಡ್ಡೆ ಎದೇಲಿ, ಕುಣಿಯೋದು ಕೈಯಾ?”

“ಹೌದು.”

“ಗಡ್ಡೆ ತೆಗೆಸಿದ್ಮೇಲೂ?”

“ತೆಗೆಸಿದ್ಮೇಲೂ. ಯಾವ ಮಾತ್ರೆಗೂ ಜಗ್ತಿಲ್ಲ.”

ಅವನು ನಂಬಲಿಲ್ಲ. ಬಯ್ಯೋಣ ಅಂದರೆ, ಇದೇ ಪ್ರಶ್ನೆಗಳನ್ನು ನಾನೂ ಡಾಕ್ಟರಿಗೆ ಕೇಳಿದ್ದೆ. ಗಡ್ಡೆಯ ಮೇಲೆ ಯುದ್ಧಕ್ಕೆ ಹೊರಟ ಮೈ ತನ್ನ ನರಕ್ಕೇ ಹೊಡೆದುಕೊಂಡಿರಬೇಕು ಅಂದಿದ್ದರು ಅವರು. ನಾನೂ ನಂಬಿರಲಿಲ್ಲ.

“ಓಗ್ಲಿ ಬಿಡಣ್ಣ, ಇನ್ಮೇಲೆ ನಿನ್ ಬದ್ಲು ನಾನೇ ತೆಗೀತೀನಿ,” ಅಂದ ಮುನಿಯಪ್ಪ, ದೊಡ್ಡ ಉಪಕಾರ ಮಾಡುವವನ ಹಾಗೆ.

ಅವತ್ತಿನಿಂದ ನನ್ನ ಪಾಲಿಗೆ ದಿನಾ ಕೆಂಪು ಗೋಲಿಯೇ ಬಂತು. ಅವನ ಕೈಯಂತೂ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ ಕಣ್ರೀ.