ಮೈಯಿಲ್ಲದ ಮೇಜು

ಕಾಲೇಜಿನಲ್ಲಿ ರೋಬೋಟ್ ಪಾಠ ಹೇಳುವ ಟೀಚರಮ್ಮ ರೋಬೋಟನ್ನು ಮುಟ್ಟಿ ನೋಡಿದವಳೇ ಅಲ್ಲ. ಹಾಗೆಂದು ಅವಳನ್ನು ಹಗುರಾಗಿ ಕಾಣಬೇಡಿ. ನೋಡದ ಸ್ವರ್ಗಕ್ಕೆ ದಾರಿ ಹೇಳಿ ಬದುಕುವವರು ಎಷ್ಟು ಜನರಿಲ್ಲ! ಅವಳ ಪಾಠಶಾಲೆ ಮಲಗುವ ಕೋಣೆ. ಇಸ್ತ್ರಿ ಮೇಜಿನ ಮೇಲೆ ಕಂಪ್ಯೂಟರ್, ಬೆನ್ನ ಹಿಂದೆ ಬಾಗಿಲು ಮುಚ್ಚದ ಬೀರು, ಅದಕ್ಕೆ ಅಡ್ಡವಾಗಿ ಒಂದು ದುಪ್ಪಟಿ. ಕಂಪ್ಯೂಟರಿನಲ್ಲಿ ಯಂತ್ರದ ಕೈಯೊಂದರ ಚಿತ್ರ. ವಿದ್ಯಾರ್ಥಿಗಳು ತಂತಮ್ಮ ಮನೆಯಲ್ಲೇ ಕೂತು ಅದಕ್ಕೆ ಆಜ್ಞೆ ಬರೆದು, ಚಿತ್ರದ ಮೇಜಿನಿಂದ ಚಿತ್ರದ ಲೋಟ ಎತ್ತಿಸಬೇಕು.

ಪಕ್ಕದ ಕೋಣೆಯಲ್ಲಿ ಅಕ್ಕನ ಹೊಲಿಗೆ ಅಂಗಡಿ. ತಂಗಿಯ ಪಾಠ ಮುಗಿಯುವವರೆಗೆ ಅಕ್ಕ ಮೆಷಿನ್ ತುಳಿಯುವಂತಿಲ್ಲ.

“ನಿನ್ನ ಯಂತ್ರದ ಕೈಗೆ ಒಂದು ಕಾಜಾ ಹೊಲಿಯೋಕೆ ಹೇಳೇ, ನನ್ನ ಕೈಯಾದ್ರೂ ಉಳಿಯುತ್ತೆ.”

“ಸ್ವಲ್ಪ ತಡ್ಕೋ ಅಕ್ಕಾ. ಕೆಲಸ ಖಾಯಂ ಆಗ್ಲಿ, ನಿಂಗೆ ಬೇರೆ ಅಂಗಡಿನೇ ಹಾಕಿಸ್ಕೊಡ್ತೀನಿ.”

ಖಾಯಂ! ಅವಳಿಗೆ ಅದೊಂದೇ ಜಪ. ವರ್ಷ ವರ್ಷವೂ ಪ್ರಿನ್ಸಿಪಾಲರ ಮುಂದೆ ಕೈಕಟ್ಟಿ ನಿಂತೇ ಕೆಲಸ ಉಳಿಸಿಕೊಂಡಿದ್ದಳು.

ಮೊದಮೊದಲು ಮಕ್ಕಳ ಯಂತ್ರದ ಕೈಗಳು ಲೋಟ ಹಿಡಿಯುವ ಮೊದಲೇ ಮೇಜಿಗೆ ಗುದ್ದಿ ನಿಲ್ಲುತ್ತಿದ್ದವು. ಮುಕ್ಕಾಲು ಪಾಲು ಮಕ್ಕಳು ಫೇಲು. ಪ್ರಿನ್ಸಿಪಾಲರು ಕೆಂಡವಾದರು. “ಏನಮ್ಮಾ, ಚಿತ್ರದಲ್ಲೂ ಪಾಸ್ ಮಾಡಿಸೋಕೆ ಆಗಲ್ವಾ?” ಟೀಚರಮ್ಮ ಮೇಜಿನ ಮೈಯನ್ನೇ ತೆಗೆದುಬಿಟ್ಟಳು. ಕಣ್ಣಿಗೆ ಕಾಣುವ ಮೇಜು, ಮುಟ್ಟಿದರೆ ಗಾಳಿ. ಅಂದಿನಿಂದ ಕೈಗಳು ಮೇಜಿನೊಳಗೇ ಹೊಕ್ಕು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಲೋಟ ಎತ್ತಿದವು. ನೂರಕ್ಕೆ ನೂರು ಫಲಿತಾಂಶ!

ಅವಳ ಖಾಯಂ ವಿಚಾರಕ್ಕೆ ಸಮಿತಿ ಬಂದ ದಿನ, ಜಂಬಕ್ಕೆಂದು ಕಾಲೇಜು ನಿಜವಾದ ಯಂತ್ರದ ಕೈಯನ್ನೇ ತರಿಸಿತ್ತು. ತರಗತಿಗೇ ಮೊದಲಿಗಳಾದ ಹುಡುಗಿ ಬರೆದ ಆಜ್ಞೆಯನ್ನು ಟೀಚರಮ್ಮ ಅದಕ್ಕೆ ತುಂಬಿದಳು. ಮೇಜಿಗೆ ಮೈಯಿಲ್ಲದ ಸಂಗತಿ ಮರೆತೇ ಹೋಗಿತ್ತು. ಸುಳ್ಳು ಹಳತಾದರೆ ಆಡಿದವರಿಗೇ ನಿಜವೆನಿಸುತ್ತದೆ.

ಕೈ ಇಳಿಯಿತು. ಮೇಜು ಒಪ್ಪಲಿಲ್ಲ, ಕೈ ಬಿಡಲಿಲ್ಲ. ಮೇಜು ಕಿರ್ರೆಂದು ಓರೆಯಾಗಿ, ಮೇಲಿದ್ದ ನೀರಿನ ಜಗ್ಗು ಸಮಿತಿಯ ಹಿರಿಯರ ಮಡಿಲು ಸೇರಿತು. ಟೀಚರಮ್ಮ ಓಡಿ ಹೋಗಿ ಕೆಂಪು ಗುಂಡಿ ಗುದ್ದಿ ನಿಲ್ಲಿಸಿದಳು.

“ಯಂತ್ರ ಕೆಟ್ಟಿದೆ ಅನ್ನಮ್ಮಾ,” ಪ್ರಿನ್ಸಿಪಾಲರು ಕಿವಿಯಲ್ಲಿ ಉಸುರಿದರು.

ಅವಳು ಹಿರಿಯರ ಕಡೆ ತಿರುಗಿದಳು. “ಯಂತ್ರ ಸರಿಯಾಗೇ ಇದೆ ಸಾರ್. ಮೇಜು ಇಲ್ಲ ಅಂದ್ಕೊಂಡು ನಡಿ ಅಂತ ನಾನೇ ಕಲಿಸಿದ್ದೆ. ಎಲ್ಲರೂ ಪಾಸಾಗ್ಲಿ ಅಂತ.”

ಹಿರಿಯರು ಪಂಚೆ ಹಿಂಡುತ್ತಾ ಕೇಳಿದರು, “ಪಾಸಾದರೋ?”

“ಆದ್ರು ಸಾರ್. ಎಲ್ಲರೂ.”

“ಮತ್ತೇನು! ಕೆಲಸ ಖಾಯಂ ಮಾಡಿ. ಈ ಯಂತ್ರದ ಪೀಡೆಯನ್ನು ಮಾತ್ರ ಒಳಗಿಡಿ, ಫಲಿತಾಂಶ ಕೆಡಿಸುತ್ತೆ.”

ಮನೆಯಲ್ಲಿ ಅಕ್ಕ ಸೂಜಿಗೆ ದಾರ ಪೋಣಿಸುತ್ತಾ ಕೇಳಿದಳು, “ಏನಾಯ್ತೇ?”

“ಖಾಯಂ ಆಯ್ತು.”

“ಮತ್ತೆ ಹರಳೆಣ್ಣೆ ಕುಡಿದವಳ ಹಾಗೆ ಯಾಕೆ ಕೂತಿದೀಯಾ?”

“ಅಕ್ಕಾ, ಖಾಯಂ ಆದವರನ್ನ ತೆಗೆಯೋದು ಅಷ್ಟು ಸುಲಭ ಅಲ್ಲ, ಅಲ್ವಾ?”

“ಜಿಗಣೆ ಕಿತ್ತ ಹಾಗೆ ಕೀಳ್ಬೇಕು. ಯಾಕೆ?”

ಮರುದಿನದ ಪಾಠದಲ್ಲಿ ಟೀಚರಮ್ಮ ಮೇಜಿಗೆ ಮೈ ತೊಡಿಸಿದಳು. ಎಲ್ಲರ ಕೈಗಳೂ ಒಟ್ಟಿಗೇ ಗುದ್ದಿ ನಿಂತವು. ಮಕ್ಕಳು ಹೆಜ್ಜೇನಿನ ಹಾಗೆ ಗುಂಯ್ಗುಟ್ಟಿದರು. ಪ್ರಿನ್ಸಿಪಾಲರ ಫೋನ್ ಬಂತು. ಬಡಿದುಕೊಳ್ಳಲಿ ಎಂದು ಅದನ್ನು ದಿಂಬಿನಡಿಗೆ ತಳ್ಳಿದಳು.

“ಹೂಂ, ಯಾಕೆ ಗುದ್ದಿತು? ಒಬ್ಬೊಬ್ಬರಾಗಿ ಹೇಳಿ ನೋಡೋಣ.”