ಕಥೆ ಹೇಳಿದರೆ ಮುಂದಿನ ದೋಸೆ

"ಮನೇಲಿ ಏನ್ ಮಾತಾಡ್ತೀರಾ ಸಾರ್?" ಮಗಳ ಕ್ಲಾಸ್ ಮಿಸ್ ಕೇಳಿದರು.

"ಕನ್ನಡ," ಎಂದೆ.

"ಅದೇ ಪ್ರಾಬ್ಲಮ್. ಚೆನ್ನಾಗಿ ಓದ್ತಾಳೆ, ಏನೂ ಅರ್ಥ ಆಗಲ್ಲ. ಇವತ್ತಿಂದ ಮನೇಲಿ ಇಂಗ್ಲಿಷ್ ಓನ್ಲಿ."

ಮೂರನೇ ಕ್ಲಾಸಿನ ಹುಡುಗಿ. ಇಂಗ್ಲಿಷ್ ಪಾಠವನ್ನು ಗಡಗಡನೆ ಓದುತ್ತಾಳೆ. ಪ್ರಶ್ನೆ ಕೇಳಿದರೆ ಸುಮ್ಮನೆ ನಿಲ್ಲುತ್ತಾಳೆ. ನಾನು ತಲೆಯಾಡಿಸಿ ಬಂದೆ. (ಮಿಸ್ ಮುಂದೆ ಅಪ್ಪಂದಿರೂ ಮೂರನೇ ಕ್ಲಾಸೇ.)

ವಿಜಯನಗರದ ನಮ್ಮ ಪುಟ್ಟ ಬಾಡಿಗೆ ಮನೆಯಲ್ಲಿ ಇಂಗ್ಲಿಷ್ ಶುರುವಾಯಿತು. "ಈಟ್." "ಓಕೆ." "ಸ್ಲೀಪ್." "ಓಕೆ." ನಾಲ್ಕನೇ ದಿನಕ್ಕೆ ಆ ಮಾತೂ ನಿಂತಿತು. ನನ್ನ ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು. ಮಗಳು ದಿನಕ್ಕೊಮ್ಮೆಯಾದರೂ ಅಮ್ಮನ ಮಾತು ಎತ್ತುತ್ತಿದ್ದಳು. ಆ ವಾರ ಒಮ್ಮೆಯೂ ಎತ್ತಲಿಲ್ಲ.

ಭಾನುವಾರ ದೋಸೆ ಹುಯ್ಯುತ್ತಿದ್ದೆ. ಪುಸ್ತಕ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದಳು.

"ಅಪ್ಪಾ, ಒಂದೇ ಒಂದ್ಸಲ ಪಾಠ ಕನ್ನಡದಲ್ಲಿ ಹೇಳ್ಲಾ? ಕಥೆ ಹೇಳ್ದೆ ಇದ್ರೆ ಅಮ್ಮ ಮುಂದಿನ ದೋಸೆ ಹಾಕ್ತಾನೇ ಇರ್ಲಿಲ್ಲ."

ನನಗೆ ಇದು ಗೊತ್ತೇ ಇರಲಿಲ್ಲ. ಇಂಗ್ಲಿಷಿನಲ್ಲಿ ಓದಿದ್ದನ್ನು ಇವಳು ಕನ್ನಡದಲ್ಲಿ ಹೇಳಬೇಕಿತ್ತಂತೆ. ಅಮ್ಮ ಕಾವಲಿ ಮುಂದೆ ನಿಂತು "ಯಾಕಂತೆ? ಆಮೇಲೆ?" ಎಂದು ಕೇಳುತ್ತಿದ್ದಳಂತೆ. ನಾನೋ ಐದು ತಿಂಗಳು ಬರೀ ಓದುವ ಸದ್ದು ಕೇಳಿ ಸ್ಕೂಲ್ ಡೈರಿಗೆ ಸಹಿ ಹಾಕಿದ್ದೆ. ಕೇಳುವವರೇ ಇಲ್ಲದಿದ್ದರೆ ಮಗು ಅರ್ಥವನ್ನು ಯಾರಿಗೋಸ್ಕರ ಹುಡುಕಬೇಕು?

"ಹೇಳು ಪುಟ್ಟಿ," ಎಂದೆ.

"ಒಬ್ಳು ಅಜ್ಜಿ ಇರ್ತಾಳೆ. ಮಡಕೆ ಒಡೆದೋಗತ್ತೆ. ಆದ್ರೂ ಎಸೆಯಲ್ಲ."

"ಯಾಕಂತೆ?"

"ಬುಕ್ಕಲ್ಲಿ ಬರ್ದಿಲ್ಲ." ಪುಸ್ತಕ ಮುಚ್ಚಿದಳು. "ಅದು ಅವಳ ಅಮ್ಮಂದು ಅನ್ಸತ್ತೆ."

ದೋಸೆ ಸೀದುಹೋಯಿತು. ಇವಳಿಗೆ ಏನೂ ಅರ್ಥವಾಗುವುದಿಲ್ಲವಂತೆ!

ಸೋಮವಾರ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ನಡೆದದ್ದು ಹೇಳಿದೆ. ಮಿಸ್ ನಕ್ಕರು.

"ಅದೆಲ್ಲಾ ಸರಿ ಸಾರ್, ಎಕ್ಸಾಮಲ್ಲಿ ಕನ್ನಡದಲ್ಲಿ ಬರೆಯೋಕಾಗತ್ತಾ?"

"ಇಂಗ್ಲಿಷಲ್ಲಿ ಬರೆಯೋದು ನೀವು ಕಲಿಸಿ ಮಿಸ್. ಅರ್ಥ ಮಾಡ್ಕೊಳ್ಳೋದು ನಾವು ಮನೇಲಿ ಕನ್ನಡದಲ್ಲೇ ಮಾಡ್ಕೊತೀವಿ."

ಟೀಚರಿಗೆ ಎದುರು ಮಾತಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆದರೂ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುವುದೂ ಇಲ್ಲ.

ನೀವೇ ಹೇಳಿ, ಮನೆಯಲ್ಲಿ ಕನ್ನಡ ನಿಲ್ಲಿಸಿಬಿಟ್ಟರೆ ನನ್ನ ಮಗಳು ಅಮ್ಮನ ಮಾತನ್ನು ಯಾವ ಭಾಷೆಯಲ್ಲಿ ಎತ್ತಬೇಕು?