ಹೊಗೆಸೊಪ್ಪಿನ ದಾರದ ಹಿನ್ನೀರು

ಅಕ್ಕ ಆ ಹಿನ್ನೀರನ್ನು ತಂದು ನಮ್ಮ ನಡುಮನೆಯ ಗೋಡೆಗೆ ತೂಗುಹಾಕಿದಾಗ ನಾನು ಒಳಗೆ ಮುದ್ದೆ ತೊಳಸುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಬಂದು ನಿಂತೆ. ಕೈ ತೊಳೆಯಬೇಕೆಂಬುದೂ ನೆನಪಾಗಲಿಲ್ಲ.

ಬಾಗಿಲಿಗಿಂತ ಅಗಲವಾದ ಹಾಸು ಅದು. ಸೆಣಬಿನ ದಾರ, ಕತ್ತಾಳೆ ನಾರು, ಅಷ್ಟೇ. ಆದರೆ ಅದರೊಳಗೆ ಬೇಸಿಗೆಯ ಕಬಿನಿ ಇತ್ತು. ನೀರು ಇಳಿದಂತೆಲ್ಲ ದಡದ ಮೇಲೆ ಬಿಟ್ಟುಹೋಗುವ ಗೆರೆಗಳು ಒಂದರ ಕೆಳಗೊಂದು ಇದ್ದವು. ಮೇಲಿನ ಗೆರೆಗಳು ಒಣಗಿ ಜೇನಿನ ಬಣ್ಣಕ್ಕೆ ತಿರುಗಿದ್ದವು, ಕೆಳಗಿನವು ಇನ್ನೂ ಹಸಿಯಾಗಿರುವ ಮಣ್ಣಿನಂತೆ ಕಪ್ಪಾಗಿದ್ದವು. ನಡುನಡುವೆ ಮುಳುಗಿ ಸತ್ತ ಮರಗಳ ಬೊಡ್ಡೆಗಳನ್ನು ದಾರ ಹೊಸೆದು ಎಬ್ಬಿಸಿದ್ದಳು. ತಳದಲ್ಲಿ ಕತ್ತಾಳೆ ನಾರಿನ ನೀರು, ಕಿಟಕಿಯ ಬೆಳಕು ಬಿದ್ದ ಕಡೆ ಮಿರಮಿರ ಅನ್ನುತ್ತಿತ್ತು. ಹತ್ತಿರ ಹೋದರೆ ಬರೀ ದಾರ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಹಿನ್ನೀರು. ನಾನು ಹಿಂದೆ ಮುಂದೆ ಹೋಗುತ್ತಾ ಬರುತ್ತಾ ಇದ್ದೆ.

"ಅದ್ಯಾಕಮ್ಮಿ ಅಂಗ್ ಕುಣೀತಿದ್ದೀಯ? ಓಗು, ಮುದ್ದೆ ತಳ ಹಿಡೀತದೆ" ಅಂದಳು ಅಕ್ಕ.

ಮುದ್ದೆ ತಳ ಹಿಡಿದಿತ್ತು. ಆವತ್ತು ನಾವು ಸೀದ ಮುದ್ದೆಯನ್ನೇ ಉಂಡೆವು.

ಆ ಬಣ್ಣ ಯಾವ ಅಂಗಡಿಯದೂ ಅಲ್ಲ. ನಮ್ಮ ಗಾವಡಗೆರೆ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಹೊಲದಲ್ಲಿ ಮುರಿದು ತಂದ ಹಸಿ ಎಲೆಗಳನ್ನು ಹೆಂಗಸರು ಕೂತು ಸೆಣಬಿನ ದಾರದಲ್ಲಿ ಉದ್ದುದ್ದ ಕಡ್ಡಿಗಳಿಗೆ ಕಟ್ಟುತ್ತೇವೆ. ಆ ಕಡ್ಡಿಗಳನ್ನು ಬ್ಯಾರನ್ನಿನೊಳಗೆ, ಅಂದರೆ ಸೊಪ್ಪು ಬೇಯಿಸುವ ಎತ್ತರದ ಮನೆಯೊಳಗೆ, ಸಾಲುಸಾಲಾಗಿ ಸೂರಿನವರೆಗೂ ತೂಗುಹಾಕಿ ಕೆಳಗೆ ಬೆಂಕಿ ಹಾಕುತ್ತಾರೆ. ಹಸಿ ಎಲೆಯ ಅಂಟು ದಾರದೊಳಕ್ಕೆ ಇಳಿದು ಆ ಕಾವಿಗೆ ಬಣ್ಣವಾಗುತ್ತದೆ. ಕೆಳಗಿನ ಸಾಲಿನ ದಾರ ಕಡುಗಂದು, ಮೇಲಿನದು ತಿಳಿ. ಬೆಂದ ಎಲೆ ಬಿಚ್ಚಿಕೊಂಡ ಮೇಲೆ ಹಳೇ ದಾರ ಒಲೆಗೆ ಹೋಗುತ್ತದೆ. ಚಿಕ್ಕಂದಿನಿಂದ ಅದನ್ನು ಬಿಚ್ಚಿದವಳು ನಾನೂ ಹೌದು, ಅಕ್ಕನೂ ಹೌದು. ನನಗೆ ಕಂಡಿದ್ದು ಕಸ.

ಅಕ್ಕನನ್ನು ಎಚ್.ಡಿ. ಕೋಟೆಯ ಕಡೆ, ಹಿನ್ನೀರಿಗೆ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಸೊಪ್ಪಿನ ಕಾಲಕ್ಕೆ ನಮ್ಮ ಮನೆಗೆ ಬಂದು ಕೆಲಸ ಮಾಡಿ, ಹೋಗುವಾಗ ಚೀಲದ ತುಂಬ ಹಳೇ ದಾರ ತುಂಬಿಕೊಂಡು ಹೋಗುತ್ತಿದ್ದಳು. ಮುರುಕಲು ಮಂಚದ ಚೌಕಟ್ಟಿಗೆ ಅದನ್ನು ಬಿಗಿದು ಹೆಣೆಯುತ್ತಿದ್ದಳು. ನಾಟಿಯಾದ ಕೆ.ಆರ್. ನಗರದ ಗದ್ದೆ, ಹಾರನಹಳ್ಳಿ ದಾರಿಯ ಕೆಮ್ಮಣ್ಣಿನ ಹೊಲ, ಹೀಗೆ ಕಂಡದ್ದನ್ನೆಲ್ಲ. ಅಲ್ಲಿನ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರೊಬ್ಬರು ನೋಡಿ, ಮೈಸೂರಿನಲ್ಲಿ ಸುತ್ತಮುತ್ತಲ ಊರಿನವರ ಕೆಲಸ ತೋರಿಸುವ ಒಂದು ಚಿಕ್ಕ ಗ್ಯಾಲರಿಗೆ ಸೇರಿಸಿದರು. ಆಮೇಲೆ ಪ್ರತಿ ಪ್ರದರ್ಶನಕ್ಕೂ ಕರೆ ಬರತೊಡಗಿತು. ಈ ಸಲ ಅವಳೊಬ್ಬಳಿಗೇ ಒಂದು ಇಡೀ ಗೋಡೆ ಬಿಟ್ಟಿದ್ದರು. ಆ ಗೋಡೆಗೆಂದೇ ಮಾಡಿದ್ದು ಹಿನ್ನೀರು.

ಹುಣಸೂರಿನಿಂದ ಮೈಸೂರಿಗೆ ಗಾಡಿ ಸಿಗುತ್ತದೆಂದು ಅದನ್ನು ನನ್ನ ಮನೆಯಲ್ಲಿ ಬಿಟ್ಟುಹೋದಳು. "ಮಡಿಚ್ಬ್ಯಾಡ ಕಣಮ್ಮಿ, ಇಂಗೇ ತೂಗಾಡ್ಲಿ. ಪ್ರದರ್ಶನಕ್ಕೆ ಒಂದಿನ ಮುಂಚೆ ಬತ್ತೀನಿ."

ನನ್ನ ತಲೆಯಲ್ಲಿ ಅದಕ್ಕಿಂತ ಹಿಂದಿನ ಪ್ರದರ್ಶನ ಕೂತಿತ್ತು. ಅವತ್ತು ನಾನೂ ಜೊತೆಗೆ ಹೋಗಿದ್ದೆ. ರೇಷ್ಮೆ ಸೀರೆ ಉಟ್ಟಿದ್ದ ಒಬ್ಬ ಹೆಂಗಸು ಅಕ್ಕ ಹೆಣೆದ ಹೊಲದ ಮುಂದೆ ನಿಂತು, ಸೆರಗನ್ನು ಮೂಗಿಗೆ ಹಿಡಿದುಕೊಂಡು, "ಎಂಥದೋ ಬೀಡಿ ವಾಸನೆ" ಅಂದಿದ್ದಳು. ನಾನು ನನ್ನ ಕೈ ಬೆನ್ನ ಹಿಂದಕ್ಕೆ ತೆಗೆದುಕೊಂಡೆ. ಸೊಪ್ಪಿನ ಕಾಲದಲ್ಲಿ ಯಾರ ಮನೆಯ ಮದುವೆಗಾದರೂ ಹೋಗಬೇಕೆಂದರೆ ಅವ್ವ ನಮ್ಮಿಬ್ಬರ ಕೈಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಕೆಂಪು ಮಾಡುತ್ತಿದ್ದಳು. ಆ ಕಪ್ಪು, ಆ ನಾತ ನಾಲ್ಕು ಜನರ ಮುಂದೆ ಹೋಗಬಾರದು ಎಂಬುದನ್ನು ನಾನು ಕಲಿತದ್ದು ಹಾಗೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಅಲ್ಲಿ ಕಲಿತದ್ದು ಬಹಳ ಮರೆತಿದ್ದೇನೆ, ಇದು ಮರೆತಿರಲಿಲ್ಲ.

ಅಕ್ಕ ಹೋದ ಮಾರನೇ ಬೆಳಗ್ಗೆ ಹಿನ್ನೀರನ್ನು ಗೋಡೆಯಿಂದ ಇಳಿಸಿ, ದನ ನೀರು ಕುಡಿಯುವ ಸಿಮೆಂಟು ತೊಟ್ಟಿಗೆ ಸೋಪಿನ ಪುಡಿ ಹಾಕಿ ನೆನೆಹಾಕಿದೆ.

ನೀರು ಕಾಫಿ ಡಿಕಾಕ್ಷನ್ನಿನಂತೆ ಬಂತು. ನನಗೆ ಖುಷಿಯಾಯಿತು. ಎಷ್ಟು ಕೊಳೆ ಇತ್ತು ನೋಡು ಅಂದುಕೊಂಡೆ. ಚೆಲ್ಲಿ ಬೇರೆ ನೀರು ಬಿಟ್ಟೆ, ಮತ್ತೆ ಚೆಲ್ಲಿದೆ, ತಿಳಿನೀರು ಬರುವ ತನಕ ಬಿಡಲಿಲ್ಲ. ಹೊಗೆಸೊಪ್ಪಿನ ನೀರು ದನಕ್ಕೆ ವಿಷ ಎಂದು ತೊಟ್ಟಿಯನ್ನು ಬೂದಿ ಹಾಕಿ ಉಜ್ಜಿ ತೊಳೆದೆ. ದನದ ಮೇಲೆ ಅಷ್ಟು ಜ್ಞಾನ ಇತ್ತು ನನಗೆ.

ಬಿಸಿಲಲ್ಲಿ ಒಣಗಿದ ಮೇಲೆ ಗೊತ್ತಾಯಿತು. ಗೆರೆಗಳು ಇರಲಿಲ್ಲ. ಒಣ ದಡವೂ ಇಲ್ಲ, ಹಸಿ ದಡವೂ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಗೋಣಿಚೀಲದ ಬಣ್ಣ.

ಅಕ್ಕ ಬಂದು ನೋಡಿ, "ಏನಾಯ್ತಮ್ಮಿ?" ಅಂದಳು.

"ನಾತ ಓಗ್ಲಿ ಅಂತ ಬಿಸ್ಲಿಗಾಕಿದ್ದೆ ಕಣಕ್ಕ" ಅಂದೆ.

ಸುಳ್ಳಲ್ಲ, ಬಿಸಿಲಿಗೆ ಹಾಕಿದ್ದೆ. ಆದರೆ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಹೇಳಿಲ್ಲ. ಅವಳು ಒಂದು ದಾರವನ್ನು ಎಳೆದು ಬೆಳಕಿಗೆ ಹಿಡಿದು, "ಅಂಗಾರೆ ಈ ಬಣ್ಣ ಬಿಸ್ಲಿಗೆ ನಿಲ್ಲಲ್ಲ. ಬುಡು, ನಾನೇ ತಿಳ್ಕಬೇಕಿತ್ತು" ಅಂದಳು. ನನ್ನನ್ನು ಬೈಯಲಿಲ್ಲ. ತನ್ನನ್ನು ಬೈದುಕೊಂಡಳು. ಮೈಸೂರಿಗೆ ಹಳೆಯ ಚಿಕ್ಕ ಗದ್ದೆಯೊಂದನ್ನು ತೆಗೆದುಕೊಂಡು ಹೋದಳು. ಆ ಇಡೀ ಗೋಡೆಯ ನಡುವೆ ಅದು ಮಗುವಿನ ಅಂಗಿ ಒಣಹಾಕಿದಂತಿತ್ತು.

ಅಲ್ಲಿಂದ ಅವಳು ಹೊಗೆಸೊಪ್ಪಿನ ದಾರ ಮುಟ್ಟಲಿಲ್ಲ. ಗುರುಪುರದ ಟಿಬೆಟ್ಟಿನವರ ಕ್ಯಾಂಪಿನಲ್ಲಿ ಕಂಬಳಿ ಹಾಸು ನೇಯುವವರಿಂದ ಉಳಿದ ಬಣ್ಣದ ಉಣ್ಣೆ ತಂದು ಮಾಡತೊಡಗಿದಳು. ಜನ ಮೆಚ್ಚಿದರು. ನಾನೂ ಮೆಚ್ಚಿದೆ. ಆದರೆ ಹಿನ್ನೀರನ್ನು ಮಾತ್ರ ಮತ್ತೆ ಮಾಡಲಿಲ್ಲ. ಕೇಳಿದರೆ, "ಉಣ್ಣೆ ಎಲ್ಲಾ ಒಂದೇ ಸಮ ಇರ್ತದೆ ಕಣೆ. ನೀರು ಇಳಿಯೋದು ಅದ್ರಲ್ಲಿ ಬರಲ್ಲ" ಅನ್ನುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಅವಳ ಮನೆಗೆ ಹೋಗಿದ್ದೆ. ಬೆಳಗ್ಗೆ ಎದ್ದ ಕೂಡಲೇ ದಡಕ್ಕೆ ಕರೆದುಕೊಂಡು ಹೋದಳು. ನೀರು ಅಷ್ಟು ದೂರ ಇಳಿದದ್ದನ್ನು ನಾನು ಕಂಡಿರಲಿಲ್ಲ. ಗೆರೆ, ಗೆರೆ, ಗೆರೆ. ಯಾರೋ ಭೂಮಿಯನ್ನು ಬಾಚಣಿಗೆಯಲ್ಲಿ ಬಾಚಿದ ಹಾಗೆ. ಆಚೆ ದಡದ ಎಳೆ ಹುಲ್ಲಿಗೆ ಆನೆಗಳು ಬಂದಿದ್ದವು. ಒಂದು ಮರಿ ಆನೆ ತಾಯಿಯ ಹೊಟ್ಟೆಯ ಕೆಳಗೇ ನಡೆಯುತ್ತಿತ್ತು. ನನಗೆ ಉಸಿರು ಬಿಡುವುದಕ್ಕೂ ಅಂಜಿಕೆಯಾಯಿತು. ಅಕ್ಕನ ಕಡೆ ತಿರುಗಿದರೆ ಅವಳು ಆನೆ ನೋಡುತ್ತಿರಲಿಲ್ಲ. ಗೆರೆ ನೋಡುತ್ತಿದ್ದಳು. ಸೆರಗಿನ ಕೆಳಗೆ ಅವಳ ಬೆರಳುಗಳು ಇಲ್ಲದ ದಾರವನ್ನು ಒಂದರ ಪಕ್ಕಕ್ಕೊಂದು ಕೂರಿಸುತ್ತಿದ್ದವು.

"ಆ ದಾರ ಕೈ ಕೊಡದೆ ಇದ್ದಿದ್ರೆ" ಅಂದಳು.

ಇನ್ನು ತಡೆಯಲಾಗಲಿಲ್ಲ. "ದಾರ ಕೈ ಕೊಡ್ಲಿಲ್ಲ ಕಣಕ್ಕ. ನಾನು ಒಗ್ದೆ."

"ಏನ್ನ ಒಗ್ದೆ?"

"ನಿನ್ ಇನ್ನೀರ್ನ. ತೊಟ್ಟೀಲಿ, ಸೋಪಿನ್ ಪುಡಿ ಆಕಿ."

ಅವಳು ನಕ್ಕಳು. "ನೀರ್ನೇ ಒಗ್ದ್‌ಬುಟ್ಯಾ? ತಮಾಸೆ ಮಾಡ್ಬ್ಯಾಡ ಸುಮ್ಕಿರು." ಆಮೇಲೆ ನನ್ನ ಮುಖ ನೋಡಿದಳು. ನಗು ನಿಂತಿತು.

"ಬಣ್ಣ ಬಿಸ್ಲಿಗೆ ಓಗಿದ್ದಲ್ವಾ?"

"ಅಲ್ಲ."

"ಅಂಗಾರೆ ಬಿಸ್ಲಿಗೆ ಏನೂ ಆಗಲ್ವಾ ಅದ್ಕೆ?"

ಅವಳು ಕೇಳಿದ್ದು ದಾರದ ವಿಷಯ, ನನ್ನ ವಿಷಯ ಅಲ್ಲ. "ನಮ್ ಬ್ಯಾರನ್ ಗ್ವಾಡೆ ಮೊಳೇಲಿ ಒಂದು ಸಿಂಬಿ ದಾರ ಅವತ್ತಿಂದ ಬಿಸ್ಲಿಗೇ ನೇತಾಡ್ತದೆ. ಬಣ್ಣ ಅಂಗೇ ಅದೆ" ಅಂದೆ.

"ನೋಡ್ತಾನೇ ಇದ್ಯಾ ಅದ್ನ?"

"ದಿನಾ."

ಬಣ್ಣ ಹೋಗದ್ದನ್ನು ದಿನಾ ಕಂಡೂ ಅವಳಿಗೆ ಹೇಳಿರಲಿಲ್ಲ; ಆ ಒಂದು ಮಾತು ಹೇಳುವಾಗ ನನಗೆ ಆದ ಸಂಕಟ, ಒಗೆದೆ ಎಂದು ಹೇಳುವಾಗಲೂ ಆಗಿರಲಿಲ್ಲ.

"ನಾತ ಅಂತ ನಾಚ್ಕೆ ಆಯ್ತಾ ನಿಂಗೆ?"

"ಆ ಯಮ್ಮ ಮೂಗು ಮುಚ್ಕೊಂಡ್ಲು ಕಣಕ್ಕ. ನೀನು ನೋಡ್ಲಿಲ್ಲ."

"ನೋಡ್ದೆ. ಮೂಗು ಮುಚ್ಕೊಂಡು ಅಲ್ಲೇ ನಿಂತಿದ್ಲು. ಓಗ್ಲಿಲ್ಲ. ಎಷ್ಟೊತ್ತು ನಿಂತಿದ್ಲು ನೀನು ನೋಡಿದ್ಯಾ?"

ನಾನು ನೋಡಿರಲಿಲ್ಲ. ಸೆರಗು ಮೂಗಿಗೆ ಹೋದದ್ದು ಮಾತ್ರ ನೋಡಿದ್ದೆ.

ವಾಪಸು ಬರುವಾಗ ಅಕ್ಕ ನನಗಿಂತ ಮುಂದೆ ಮುಂದೆ ನಡೆದಳು. ಬಸ್ ಹತ್ತಿಸಲು ಭಾವ ಬಂದರು, ಅವಳು ಬರಲಿಲ್ಲ. ಆಮೇಲೆ ನಾನು ಫೋನ್ ಮಾಡಿದಾಗಲೆಲ್ಲ ಭಾವನೇ ಎತ್ತಿ, "ಕೆಲ್ಸದಲ್ಲವ್ಳೆ ಕಣವ್ವ" ಅನ್ನುತ್ತಿದ್ದರು.

ಮಳೆಗಾಲದಲ್ಲಿ ನಮ್ಮ ಮೊದಲ ಬ್ಯಾರನ್ನು ಬೇಯುತ್ತಿದ್ದಾಗ ಅವಳ ಫೋನ್ ಬಂತು. ಚೆನ್ನಾಗಿದ್ದೀಯಾ ಎಂದು ಕೇಳಲಿಲ್ಲ. "ಯಾವತ್ತು ಬಿಚ್ತೀರಿ?" ಅಂದಳು. ಹೇಳಿದೆ.

ಬಿಚ್ಚುವ ದಿನ ಬೆಳಗಿನ ಬಸ್ಸಿಗೇ ಬಂದಳು. ಬ್ಯಾರನ್ನಿನ ಬಾಗಿಲು ತೆಗೆದಾಗ ಸೂರಿನವರೆಗೂ ಹಳದಿ ಎಲೆ, ಹೊಸ ಕಾವು, ಆ ನಾತ. ಅಕ್ಕ ಬಾಗಿಲಲ್ಲೇ ನಿಂತು ಎದೆ ತುಂಬ ಎಳೆದುಕೊಂಡಳು. ಆಮೇಲೆ ಚಾಪೆ ಹಾಸಿಕೊಂಡು ನಮ್ಮಿಂದ ಸ್ವಲ್ಪ ಆಚೆ ಕೂತು, ಯಾವ ಸಾಲಿನ ದಾರ ಯಾವುದೆಂದು ಕೇಳಿ ಕೇಳಿ ಬೇರೆಬೇರೆ ರಾಶಿ ಮಾಡಿದಳು. ಜೇನು, ಬೆಲ್ಲ, ಮಣ್ಣು, ಸೀದ ಮಣ್ಣು. ನಾನು ಎಲೆ ಬಿಚ್ಚುವುದನ್ನು ಬಿಟ್ಟು ನೋಡುತ್ತಾ ಕೂತೆ. ಅವಳ ಮೊಣಕಾಲಿನ ಸುತ್ತ ಅಷ್ಟು ದಡ ಎಲ್ಲಿಂದ ಬಂತೋ ತಿಳಿಯಲಿಲ್ಲ. ಕಡ್ಡಿಗೆ ನಾನೇ ಕಟ್ಟಿದ್ದ ದಾರ ಅದು.

"ನಾನೂ ರಾಶಿ ಮಾಡ್ಲಾ?" ಅಂದೆ.

"ಬ್ಯಾಡ."

ಸುಮ್ಮನೆ ಎಲೆ ಬಿಚ್ಚಿದೆ. ಬಿಚ್ಚಿದ ದಾರವನ್ನು ಅವಳ ಚಾಪೆಯ ಕಡೆ ಎಸೆದೆ.

"ಎಸೀಬ್ಯಾಡ" ಅಂದಳು ತಲೆ ಎತ್ತದೆ. "ಎದ್ ಬಂದು ಇಡು."

ಎದ್ದು ಹೋಗಿ ಇಟ್ಟೆ.